ಮುಟ್ಟದೆ ಕೇಳಿದ ಪ್ರಶ್ನೆ

“ಕಣ್ಣು ಮುಚ್ಚಿ. ಮುಟ್ಟಿದ್ದು ಗೊತ್ತಾದ್ರೆ ‘ಹೂಂ’ ಅನ್ನಿ.”

ಅವಳು ಮುಚ್ಚಿದಳು… ಪೂರ್ತಿ ಅಲ್ಲ. ಅಪ್ಪನ ಗಾಜಿನಂಗಡಿಯಲ್ಲಿ ಬೆಳೆದವಳು, ಕಂಡದ್ದನ್ನಷ್ಟೇ ನಂಬುವವಳು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ದೇವರು ನಿಧಾನವಾಗಿ ಹೆಣೆದ ಅವಳ ಮಣಿಕಟ್ಟಿನ ನರವನ್ನು ಜಾರಿದ ಗಾಜು ಒಂದೇ ಏಟಿಗೆ ತುಂಡರಿಸಿತ್ತು. ಆ ತುದಿಗಳ ನಡುವೆ ಈಗ ನೀರು ಹೀರಿದ ಮೆತ್ತನೆಯ ಜೆಲ್ ಇತ್ತು, ಬಳ್ಳಿಗೆ ಹಂದರದ ಹಾಗೆ, ನರ ಹಬ್ಬಿ ಬರಲೆಂದು. ಅದನ್ನು ತಯಾರಿಸಿದವನೇ ಪ್ರತಿ ವಾರ ಅವಳ ಬೆರಳು ಪರೀಕ್ಷಿಸುತ್ತಿದ್ದ. ಅಕ್ಕ ಅವನಿಗಿಟ್ಟ ಹೆಸರು ‘ಅಂಟು ಡಾಕ್ಟ್ರು’.

“ಈಗ?”

ತೋರುಬೆರಳ ಮೇಲೆ ಇರುವೆ ಹರಿದ ಹಾಗೆ… “ಹೂಂ!”

“ಈಗ?”

ರೆಪ್ಪೆಯ ಸಂದಿಯಿಂದ ನೋಡಿದಳು. ಬೆರಳಿಗೆ ತಾಗಿಸಿ ನೋಡುವ ಸಣ್ಣ ನೈಲಾನ್ ಎಳೆ ಅವನ ಕೈಯಲ್ಲಿ, ಗಾಳಿಯಲ್ಲೇ ನಿಂತಿದೆ. ಮುಟ್ಟಿಯೇ ಇಲ್ಲ!

‘ಮೋಸ! ನಾನು ಹೂಂ ಅಂದಷ್ಟೂ ಇವನ ಜೆಲ್ ಗೆದ್ದಂತೆ. ಆ ಸವಿಮಾತು, ಆ ಕಾಳಜಿ… ಎಲ್ಲ ಇದಕ್ಕೇನಾ?’

ಅವನ ಮೋಸ ಹಿಡಿದೇ ಬಿಡೋಣವೆಂದು ಬೇಕಂತಲೇ ಅಂದಳು: “ಹೂಂ.”

ಅವನ ಮುಖ ಬಿಳುಚಿಕೊಂಡಿತು. ಎಳೆಯನ್ನು ಮೇಜಿನ ಮೇಲಿಟ್ಟು ಎದ್ದು ಹೋದ.

ಮುಂದಿನ ವಾರ ಬೇರೆ ಡಾಕ್ಟರಮ್ಮ ಬಂದರು.

“ನೋಡೇ, ಅಂಟು ಡಾಕ್ಟ್ರೇ ಕಿತ್ಕೊಂಡು ಹೋದ್ರು!” ಅಕ್ಕ ನಕ್ಕಳು.

ಅವಳಿಗೆ ನಗು ಬರಲಿಲ್ಲ. ಕಳ್ಳನಾದರೆ ಹೋಗಲಿ ಬಿಡು… ಮತ್ತೆ ಎದೆ ಯಾಕೆ ಹೀಗೆ ಉರಿಯುತ್ತಿದೆ?

ಪರೀಕ್ಷೆ ಮುಗಿದದ್ದೇ ಅವನ ಪ್ರಯೋಗಾಲಯಕ್ಕೆ ನುಗ್ಗಿದಳು.

“ಮುಟ್ಟದೆ ಕೇಳಿದ್ರಲ್ಲ, ನಾಚಿಕೆ ಆಗಲ್ವಾ?”

ಅವನು ತಲೆಯೆತ್ತಿದ. “ಮಧ್ಯೆ ಮಧ್ಯೆ ಮುಟ್ಟದೆ ಕೇಳೋದೇ ಕ್ರಮ, ಊಹೆ ಮಾಡಿ ಹೇಳ್ತಿಲ್ಲ ತಾನೇ ಅಂತ ತಿಳಿಯೋಕೆ. ನೀವು ಅದಕ್ಕೂ ಹೂಂ ಅಂದ್ರಿ. ಇಷ್ಟು ದಿನ ನನ್ನ ಸಮಾಧಾನಕ್ಕೆ ಸುಳ್ಳು ಹೇಳಿದ್ರಿ ಅನ್ಕೊಂಡೆ.”

“ಅಯ್ಯೋ… ನಾನು ಕದ್ದು ನೋಡಿದ್ದೆ! ನಿಮ್ಮನ್ನ ಹಿಡಿಯೋಕೇ ಹಾಗಂದೆ!”

ಒಬ್ಬರ ಕಣ್ಣಲ್ಲಿ ಒಬ್ಬರು ಕಳ್ಳರಾಗಿ ಒಂದು ವಾರ ಕಳೆದಿದ್ದರು.

“ಬಾಯಿಬಿಟ್ಟು ಕೇಳಬಹುದಿತ್ತಲ್ಲ? ಓಡಿಹೋಗೋದಾ?”

“ನಿಮ್ಮ ಬೆರಳು ಹೂಂ ಅನ್ಲಿ ಅಂತ ದೇವರಿಗೆ ಕೈ ಮುಗಿದು ಬರ್ತಿದ್ದೆ. ಅಂಥವನು ಪರೀಕ್ಷೆ ಮಾಡಬಾರದು.”

ಅವಳು ಬೆರಳುಗಳನ್ನು ಅವನ ಮುಂದೆ ಚಾಚಿದಳು.

“ಡಾಕ್ಟರಮ್ಮ ಇವತ್ತು ಕಣ್ಣಿಗೆ ಬಟ್ಟೆ ಕಟ್ಟೇ ನೋಡಿದ್ರು. ತೋರುಬೆರಳಿಗೆ ನಿಜವಾಗ್ಲೂ ಸ್ಪರ್ಶ ಬಂದಿದೆ. ನಡುಬೆರಳಿಗೆ ಇನ್ನೂ ಇಲ್ಲ… ಅದು ಬರದೇ ಹೋದ್ರೂ, ನೀವು ನನ್ನ ನೋಡೋಕೆ ಬರ್ತೀರಾ?”

“ಎಲ್ಲ ಗುಣ ಆದ್ಮೇಲೂ ಬರಬಹುದಾ ಅಂತ ಕೇಳೋಕೇ ನನಗೆ ಧೈರ್ಯ ಇರಲಿಲ್ಲ.”

ಅವಳು ಸ್ಟೂಲ್ ಎಳೆದುಕೊಂಡು ಅವನ ಪಕ್ಕ ಕೂತಳು.

“ಬನ್ನಿ…”