ತೆಗೆದ ಮಣ್ಣು

“ಆ ಗುಡ್ಡೆ ಮುಟ್ಬ್ಯಾಡಿ ಕಣವ್ವ. ಅದು ತೆಗ್ದಿರೋ ಮಣ್ಣು.”

ಮುಳ್ಳೂರಿನ ದಾರಿ ಮೂರಾಗಿ ಒಡೆಯುವ ಕಡೆ ಪುಟ್ಟಗೌರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತುಬಿಟ್ಟಳು. ಸುವರ್ಣ ನಕ್ಕಳು. “ಒಳ್ಳೇದೇ ಆಯ್ತು. ಅಗೆಯೋ ಕೆಲಸ ಉಳೀತು.”

“ಅಗ್ದು ತೆಗ್ದಿರೋದಲ್ಲ! ಮಾಟ ತಗುಲ್ದೋರ ಮೈಗೆ ಮಣ್ಣು ಸವರಿ, ಮಾಟ ತೆಗ್ದು ಇಲ್ಲಿ ಸುರೀತಾನೆ ನಮ್ಮ ನಾಗಯ್ಯ. ಮೈಸೂರಲ್ಲಿ ಮಣ್ಣಿಲ್ವಾ? ಬಸ್ ಚಾರ್ಜು ಕೊಟ್ಟು ಮಣ್ಣಿಗೆ ಬಂದಿದ್ದೀರಲ್ಲ!”

೧೯೬೮ರ ಆ ಬೇಸಿಗೆಯಲ್ಲಿ, ಚಿತ್ರಕಲೆ ಕಲಿತ ಸುವರ್ಣ ಕೊಳ್ಳೇಗಾಲಕ್ಕೆ ಬಂದದ್ದು ಬರೀ ಮಣ್ಣಿನಿಂದ ರೇಷ್ಮೆಗೆ ಬಣ್ಣ ಕಟ್ಟಲು. ತಿಂಗಳ ಕೊನೆಗೆ ಮೈಸೂರಿನಲ್ಲಿ ಅವಳ ಮೊದಲ ಪ್ರದರ್ಶನ. ಪುಟ್ಟಗೌರಮ್ಮನ ಮನೆಯ ಹಿಂದಿನ ಕೋಣೆಯಲ್ಲಿ ಬಿಡಾರ. ಪುಟ್ಟಗೌರಮ್ಮ ಗಂಡ ಸತ್ತ ಮೇಲೆ ತನ್ನ ಹತ್ತು ಬೆರಳನ್ನೇ ನಂಬಿ ಬದುಕಿದ ನೇಕಾರಗಿತ್ತಿ. ಕಡಿದ ಎಳೆಯನ್ನು ಕತ್ತಲಲ್ಲೂ ತಡವಿ ಹುಡುಕಿ ಗಂಟು ಹಾಕುವವಳು.

ಕಾಮಗೆರೆಯ ಹಳದಿ ಮಣ್ಣು, ಯಳಂದೂರು ಕೆರೆಯ ಕಪ್ಪು, ಎಲ್ಲವೂ ಬಟ್ಟೆಗೆ ಬಿದ್ದು ಒಣಗಿದರೆ ಪೇಲವ. ಆ ಗುಡ್ಡೆಯ ಮಣ್ಣಲ್ಲೋ, ಎಷ್ಟೋ ವರ್ಷದ ಕುಂಕುಮ, ಅರಿಸಿನ, ಬೂದಿ ಬೆರೆತು, ಒಳಗೇ ಕತ್ತಲೆ ಇಟ್ಟುಕೊಂಡಂಥ ಒಂದು ಕೆಂಪು.

ಮಾರನೆಯ ದಿನ ಒಬ್ಬಳೇ ಹೋಗಿ ಚೀಲ ತುಂಬಿಕೊಂಡು ಬಂದಳು.

“ಎಲ್ಲೀದವ್ವ ಈ ಮಣ್ಣು?” ಪುಟ್ಟಗೌರಮ್ಮ ಕೇಳಿದಳು.

“ಯಳಂದೂರು ಕಡೆ ಹೊಲದ್ದು.”

ಮಣ್ಣನ್ನು ಸೋಸಿ, ಬಣ್ಣ ಕಚ್ಚಲೆಂದು ಅಳಲೆಕಾಯಿಯ ಜೊತೆ ಕುದಿಸಿ, ರೇಷ್ಮೆ ಅದ್ದಿ ಅಂಗೈಯಿಂದ ತಿಕ್ಕಿದಳು. ಸುಟ್ಟ ಕೂದಲಿನ, ಜ್ವರದ ಹಾಸಿಗೆಯ ವಾಸನೆ ಕೋಣೆಯನ್ನು ತುಂಬಿತು. ಪಾತ್ರೆಯ ತಳದಲ್ಲಿ ಯಾರೋ ಬಾಯಿ ಮುಚ್ಚಿಕೊಂಡು ನರಳಿದಂಥ ಸದ್ದು. ಬಟ್ಟೆ ಮಾತ್ರ ಅವಳು ಕನಸಿನಲ್ಲೂ ಕಾಣದ ಹಾಗೆ ಬಂತು: ಬೇಸಿಗೆಯ ನೆಲ, ಅದರ ಬಿರುಕು, ಹರಿದು ಬತ್ತಿದ ನೀರಿನ ಗುರುತು. ಅದರ ಮೇಲೆ ತೊಗಟೆ, ಹುಣಸೆಬೀಜ ಇಟ್ಟು ಹೊಲಿಯತೊಡಗಿದಳು.

ಮೂರನೆಯ ದಿನ ಸೂಜಿ ಬೆರಳನ್ನೇ ತೂರಿ ಆಚೆ ಬಂತು. ಅವಳಿಗೆ ತಿಳಿಯಲಿಲ್ಲ. ಎದ್ದು ಹೋಗಿ ಬಲಗೈಯನ್ನು ಒಲೆಯ ಕೆಂಡದ ಮೇಲೆ ಹಿಡಿದಳು. ಚರ್ಮ ಸುಟ್ಟ ವಾಸನೆ ಬಂತು. ನೋವು ಬರಲಿಲ್ಲ.

ಡಾಕ್ಟರು ಚುಚ್ಚಿ ನೋಡಿ, ಕಾರಣ ತಿಳಿಯದೆ ತಲೆಯಾಡಿಸಿದರು. ಅಷ್ಟರಲ್ಲಿ ಎಡಗೈಯ ಕಿರುಬೆರಳೂ ಮರಗಟ್ಟತೊಡಗಿತ್ತು. ನಾಗಯ್ಯನ ಮನೆಗೆ ಹೋದಳು. ಅವನು ಅಂಗಳಕ್ಕೆ ಕಾಲಿಡಲು ಬಿಡಲಿಲ್ಲ. ಬೀದಿಯಲ್ಲೇ ನಿಂತು ನಡೆದದ್ದನ್ನೆಲ್ಲ ಹೇಳಿದಳು.

“ಮಣ್ಣಿಗೆ ಇಳಿಸಿದ್ದನ್ನ ಬಟ್ಟೆಗೆ ಅಂಟಿಸ್ಬುಟ್ರಲ್ಲವ್ವ. ಇನ್ನು ನನ್ ಕೈಲಿ ಆಗಲ್ಲ. ಸುಟ್ಬುಡಿ, ಅಲ್ಲಿಗೇ ನಿಂತ್ಕತದೆ. ಓಗಿರೋ ಕೈ ಮಾತ್ರ ವಾಪಸ್ ಬರಲ್ಲ.”

“ಬರೋ ದಾರೀನೇ ಇಲ್ವಾ?”

ನಾಗಯ್ಯ ಬೇರೆ ಕಡೆ ನೋಡಿದ. “ಯಾರಾರ ಆಸೆಪಟ್ಟು ಆ ಬಟ್ಟೆ ಮುಟ್ಟುದ್ರೆ ಅವ್ರಿಗೆ ಓಯ್ತದೆ. ನೀವು ಕೇಳ್ಬಾರ್ದಾಗಿತ್ತು.”

ಸುಡಬೇಕೆಂದೇ ಮನೆಗೆ ಬಂದಳು. ಮಟಮಟ ಮಧ್ಯಾಹ್ನ, ಆದರೂ ಕೋಣೆಯೊಳಗೆ ಮಬ್ಬು. ಬಟ್ಟೆಯನ್ನು ನೆಲಕ್ಕೆ ಹರವಿದಳು. ಎಡಗೈಯಲ್ಲಿ ಗೀರಿದ ಎರಡು ಕಡ್ಡಿ ಮುರಿದವು. ಮೂರನೆಯದನ್ನು ತೆಗೆಯುವಾಗ ಬಾಗಿಲಲ್ಲಿ ನೆರಳು ಬಿತ್ತು. ಪುಟ್ಟಗೌರಮ್ಮ.

“ಸಿವನೇ! ನೆಲಾನೇ ಎದ್ದು ಬಂದಂಗದಲ್ಲವ್ವ! ನಲವತ್ತು ವರ್ಸ ನೇಯ್ದಿವ್ನಿ, ಇಂತಾದ್ ನೋಡ್ನಿಲ್ಲ. ಮುಟ್ಲಾ?”

ಬೇಡ ಅನ್ನಬೇಕು. ಒಂದೇ ಮಾತು. ನಾಲಿಗೆ ಇತ್ತು. ಮಾತೂ ಇತ್ತು. ಬೆಂಕಿಕಡ್ಡಿ ಜಾರಿ ಬಿತ್ತು. ಸುವರ್ಣ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು.

ಪುಟ್ಟಗೌರಮ್ಮ ಕುಕ್ಕರಗಾಲಲ್ಲಿ ಕೂತು ಎರಡೂ ಅಂಗೈಯೂರಿ ಸವರಿದಳು.

ಸುವರ್ಣಳ ಬೆರಳ ತುದಿಯಲ್ಲಿ ಇರುವೆ ಹರಿದಂತಾಯಿತು. ಬಿಸಿಯಾಯಿತು. ಸುಟ್ಟ ಗಾಯ ಚುರುಗುಟ್ಟಿತು. ಕೈ ಬಂದಿತ್ತು. ಸಂತೋಷವಾಗಬೇಕಿತ್ತು. ನಾಚಿಕೆಯಾದರೂ ಆಗಬೇಕಿತ್ತು. ಏನೂ ಆಗಲಿಲ್ಲ.

ಪುಟ್ಟಗೌರಮ್ಮ ಮತ್ತೆ ಸವರಿದಳು. ಅಂಚು ಹಿಡಿದು ಹೊಸಕಿದಳು. ಉಗುರಿನಿಂದ ಕೆರೆದಳು. ಮುಖದ ನಗು ಹಾಗೇ ಉಳಿದು, ಕಣ್ಣು ಮಾತ್ರ ಮೇಲೆದ್ದವು.

“ಏನೂ ಗೊತ್ತಾಯ್ತಿಲ್ವಲ್ಲವ್ವ... ಇದು ರೇಸ್ಮೆನೇನಾ?”

“ರೇಷ್ಮೆನೇ,” ಎಂದಳು ಸುವರ್ಣ.