ಸೋಫಾದ ಇನ್ನೊಂದು ತುದಿ

ಟ್ಯಾಂಕು ತುಂಬಿ ನೀರು ಗೋಡೆಗುಂಟ ಇಳಿಯತೊಡಗಿತು. ಭಾನುವಾರದ ಮಧ್ಯಾಹ್ನ. ಎಲ್ಲರೂ ಊಟ ಮುಗಿಸಿ ಅಡ್ಡಾಗಿದ್ದರು. ಒಣಗಿದ ಬಟ್ಟೆ ಮತ್ತೆ ಒದ್ದೆಯಾಯಿತೆಂದು ಮೂರನೇ ಮಹಡಿಯ ಹೆಂಗಸು ಕಿಟಕಿಯಿಂದ ಕೂಗಿದಳು.

"ರೀ ಸೆಕ್ರೆಟರಿ, ಮೋಟಾರ್ ಆಫ್ ಮಾಡ್ರೀ! ನಿದ್ದೆ ಹೊಡೀತಿದೀರಾ?"

ಉತ್ತರವಿಲ್ಲ. ಇನ್ನೆರಡು ಕಿಟಕಿಗಳು ತೆರೆದವು. ಬೈಗುಳ ಜೋರಾಯಿತು. ಕೆಳಗಿಳಿದು ನೋಡುವ ಕೆಲಸ ಮಾತ್ರ ಯಾರಿಗೂ ಬೇಕಿರಲಿಲ್ಲ. ಕೊನೆಗೆ ಹೋದವನು ಗೇಟಿನ ವಾಚ್‌ಮನ್.

ಅಪಾರ್ಟ್‌ಮೆಂಟಿನ ಸೆಕ್ರೆಟರಿ ಪಂಪ್ ರೂಮಿನಲ್ಲಿ ಮೋಟಾರಿನ ಪಕ್ಕ ಬಿದ್ದಿದ್ದರು. ತಲೆಯ ಹಿಂಭಾಗ ಕಬ್ಬಿಣದ ಅಂಚಿಗೆ ಬಡಿದಿತ್ತು. ಮೋಟಾರು ಇನ್ನೂ ಓಡುತ್ತಿತ್ತು. ವಾಚ್‌ಮನ್ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೆಸರು ಹಿಡಿದು ಕರೆದ. ಜನ ಬಂದು ಬಾಗಿಲಲ್ಲಿ ನಿಂತಾಗ ಅವನ ಕೈತುಂಬ ರಕ್ತವಿತ್ತು.

"ಮೊನ್ನೆ ತಾನೇ ಇವರ ಹತ್ರ ಜಗಳ ಆಡಿದ್ದ" ಎಂದು ಯಾರೋ ಮೆಲ್ಲಗೆ ಹೇಳಿದರು.

ಅಷ್ಟು ಸಾಕಾಯಿತು.

* * *

ವಾಚ್‌ಮನ್‌ನನ್ನು ಹಿಡಿದು ತಂದಿದ್ದವಳು ಇನ್‌ಸ್ಪೆಕ್ಟರ್. ಮರುದಿನ ಬೆಳಿಗ್ಗೆ ಲಾಕಪ್ಪಿನ ಮುಂದೆ ಕುರ್ಚಿ ಎಳೆದುಕೊಂಡು ಕೂತಾಗ ಅವಳಿಗೆ ನಿನ್ನೆಯ ಧೈರ್ಯ ಇರಲಿಲ್ಲ.

ಗೊತ್ತಿದ್ದದ್ದು ಇಷ್ಟು. ಊಟದ ನಂತರ ಮೋಟಾರು ಹಾಕುತ್ತಿದ್ದವರು ಸ್ವತಃ ಸೆಕ್ರೆಟರಿ. ಟ್ಯಾಂಕು ತುಂಬಲು ಒಂದು ಗಂಟೆ ಬೇಕು. ಆ ಒಂದು ಗಂಟೆಯೊಳಗೆ ಯಾರೋ ಅವರನ್ನು ತಳ್ಳಿ ಕೊಂದಿದ್ದಾರೆ. ಪಂಪ್ ರೂಮಿನ ಗೂಡಿನಲ್ಲಿ ಹಿಂದಿನ ಗೇಟಿನ ಕ್ಯಾಮೆರಾದ ರೆಕಾರ್ಡಿಂಗ್ ಪೆಟ್ಟಿಗೆ ಇತ್ತು. ಅದು ಈಗ ಇಲ್ಲ. ಕಿತ್ತ ವೈರುಗಳು ಮಾತ್ರ ಜೋತಾಡುತ್ತಿದ್ದವು.

"ಪೆಟ್ಟಿಗೆ ಎಲ್ಲಿಟ್ಟೆ?"

"ಯಾವ ಪೆಟ್ಟಿಗೆ ಮೇಡಂ?"

"ಕ್ಯಾಮೆರಾದ್ದು."

"ಅದು ಕೆಟ್ಟೋಗಿದೆ ಅಂದಿದ್ರಲ್ಲ ಸೆಕ್ರೆಟರಿ ಸಾಹೇಬ್ರು? ಅದಕ್ಕೇ ಅಲ್ವಾ ನಾನು ಜಗಳ ಆಡಿದ್ದು?"

ಕಳೆದ ತಿಂಗಳು ಹಿಂದಿನ ಗೇಟಿನ ತಿರುವಿನಲ್ಲಿ ಒಂದು ಕಾರು ಅವನ ಹೆಂಡತಿಗೆ ಗುದ್ದಿ ನಿಲ್ಲದೆ ಹೋಗಿತ್ತು. ಅವಳು ಇನ್ನೂ ಆಸ್ಪತ್ರೆಯಲ್ಲಿದ್ದಳು. ದೂರು ಬಂದದ್ದು ಇದೇ ಠಾಣೆಗೆ. ಯಾರೂ ಅದರ ಬೆನ್ನು ಹತ್ತಿರಲಿಲ್ಲ.

"ಆ ಪೆಟ್ಟಿಗೆ ನನ್ನ ಕೈಗೆ ಸಿಕ್ಕಿದ್ರೆ ಬಚ್ಚಿಡ್ತಿದ್ನಾ ಮೇಡಂ?" ಎಂದ. "ಎದೆಗೆ ಅವುಚ್ಕೊಂಡು ಇಲ್ಲಿಗೇ ಓಡಿ ಬರ್ತಿದ್ದೆ."

ಅವಳು ಅವನ ಮುಖ ನೋಡಲಿಲ್ಲ. ಮಾತು ಸರಿಯಾಗಿತ್ತು. ನಿನ್ನೆಯೇ ತನಗೆ ಹೊಳೆಯಬೇಕಿದ್ದ ಮಾತು.

ಅವಳು ಏಳುವಾಗ ಅವನು ಕೇಳಿದ. "ನಿನ್ನೆ ಸಾಯಂಕಾಲ ಮೇಷ್ಟ್ರನ್ನ ಯಾರಾದ್ರೂ ಕೆಳಗಿಳಿಸಿದ್ರಾ? ಅವ್ರಿಗೆ ಕಣ್ಣು ಕಾಣಲ್ಲ. ದಿನಾ ನಾನೇ ಕೈ ಹಿಡ್ಕೊಂಡು ಬೆಂಚಿಗೆ ಕೂರಿಸ್ತಿದ್ದೆ."

* * *

ಪೆಟ್ಟಿಗೆ ಮಾಯವಾಗಬೇಕಿದ್ದದ್ದು ಗುದ್ದಿ ಹೋದ ಕಾರಿನವನಿಗೆ. ಪೆಟ್ಟಿಗೆ ಇರುವ ಜಾಗ ಗೊತ್ತಿದ್ದವನು ಆ ಕಟ್ಟಡದವನು. ಕಟ್ಟಡದಲ್ಲಿ ಕಾರಿದ್ದ ಮನೆಗಳು ಮೂರು. ಒಂದು ಮನೆಗೆ ವಾರದಿಂದ ಬೀಗ. ಇನ್ನೊಂದು ಮನೆಯ ಡಾಕ್ಟರು ನಿನ್ನೆ ಇಡೀ ದಿನ ಆಪರೇಷನ್ ಥಿಯೇಟರಿನಲ್ಲಿದ್ದರು. ಮೂರನೆಯದು ಮೇಷ್ಟ್ರ ಮನೆ.

ಮೇಷ್ಟ್ರು ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಆಮೇಲೆ ಕಣ್ಣು ಹೋಯಿತು. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸೋಫಾದ ಒಂದು ತುದಿಯಲ್ಲಿ ನೆಟ್ಟಗೆ ಕೂತಿದ್ದರು. ಔಷಧ ಕಂಪನಿಯಲ್ಲಿ ಕೆಲಸ ಮಾಡುವ ಮಗ ನಿಂತೇ ಇದ್ದ.

"ನಿನ್ನೆ ಮಧ್ಯಾಹ್ನ ನಾನು, ಅಪ್ಪ ಸಿನಿಮಾ ನೋಡ್ತಿದ್ವಿ ಮೇಡಂ" ಎಂದ ಮಗ. "ನನ್ನ ಹೆಂಡ್ತಿ ಅಂಗಡಿ ಡ್ಯೂಟಿಗೆ ಹೋಗಿದ್ಲು. ಭಾನುವಾರ ನಮ್ಮದು ಯಾವಾಗ್ಲೂ ಹಿಂಗೇ."

"ಹೌದಮ್ಮಾ" ಎಂದರು ಮೇಷ್ಟ್ರು. ಅವರ ಮುಖ ಅರಳಿತು. "ಪಕ್ಕದಲ್ಲೇ ಕೂತು ಒಂದೊಂದೂ ಹೇಳ್ತಾನೆ. ಯಾರು ಬಂದ್ರು, ಯಾರು ಹೋದ್ರು, ಬಟ್ಟೆ ಬಣ್ಣ ಏನು, ಎಲ್ಲ. ಕೆಳಗೆ ಬೆಂಚಲ್ಲಿ ಕೇಳಿ ಬೇಕಾದ್ರೆ. ಕಣ್ಣಿರೋ ನಾವೇ ನಿಮ್ಮಷ್ಟು ನೋಡಲ್ಲ ಮೇಷ್ಟ್ರೇ ಅಂತಾರೆ."

"ಯಾವ ಸಿನಿಮಾ?"

ದೋಣಿ ನಡೆಸುವ ಅಣ್ಣ ತಮ್ಮಂದಿರದ್ದು ಎಂದರು. ದೋಣಿ ಮಗುಚುತ್ತದೆ, ತಮ್ಮ ಮರಳುವುದಿಲ್ಲ. ಅವಳೂ ಅದನ್ನು ನೋಡಿದ್ದಳು. ರಜೆಯ ದಿನ, ಒಬ್ಬಳೇ.

"ಹೇಗನ್ನಿಸ್ತು ಮೇಷ್ಟ್ರೇ?"

"ಚೆನ್ನಾಗಿದೆ. ಪೂರ್ತಿ ಒಪ್ಪಲ್ಲ ಮಾತ್ರ. ಆ ತಾಯಿ ಕೊನೇಲಿ ಹಾಡು ಗುನುಗ್ತಾಳಲ್ಲ, ಮಗ ನೀರುಪಾಲಾಗಿ ಕಣ್ಣೀರು ಆರಿಲ್ಲ, ಅದೆಂಥ ತಾಯಿ? ಮಧ್ಯದಲ್ಲಂತೂ ಡೈರೆಕ್ಟರು ನಿದ್ದೆ ಹೋಗಿದಾನೆ. ಅಷ್ಟು ಹೊತ್ತು ಬರೀ ನಲ್ಲಿ ತೊಟ್ಟಿಕ್ಕೋ ಸದ್ದು. ನನ್ನ ಕೇಳಿದ್ರೆ ಕತ್ತರಿ ಹಾಕ್ತಿದ್ದೆ."

ಇನ್‌ಸ್ಪೆಕ್ಟರ್ ನಕ್ಕಳು. ಅವಳಿಗೆ ಆ ತಾಯಿ ಹಿಡಿಸಿದ್ದಳು. ಇರಲಿ, ಅವರವರ ಅಭಿರುಚಿ.

ಮಗ ಲಿಫ್ಟಿನವರೆಗೆ ಬಂದ. "ಅಪ್ಪ ಏನೇ ಅನ್ಲಿ ಮೇಡಂ. ತಾಯಿ ಬಾಗಿಲು ತೆಗೀತಾಳೆ, ಸತ್ತ ಅಂದ್ಕೊಂಡ ಮಗ ಎದುರಿಗೇ ನಿಂತಿದಾನೆ. ಇಬ್ರೂ ಒಂದು ಮಾತಾಡಲ್ಲ. ನಾನು ಅತ್ತುಬಿಟ್ಟೆ."

* * *

ಜೀಪಿನಲ್ಲಿ, ಮೇಷ್ಟ್ರ ಮನೆಗೂ ಜೊತೆಗೆ ಬಂದಿದ್ದ ಕಾನ್‌ಸ್ಟೇಬಲ್‌ಳ ಬಾಯಿ ಸುಮ್ಮನಿರಲಿಲ್ಲ. ಸಿನಿಮಾ ಎಂದರೆ ಪ್ರಾಣ ಬಿಡುವ ಹೆಂಗಸು.

"ಮೇಷ್ಟ್ರಿಗೆ ಇಷ್ಟು ಸಿಟ್ಟು ಯಾಕೆ ಮೇಡಂ ಆ ತಾಯಿ ಮೇಲೆ? ಗುನುಗಿದ್ರೆ ತಪ್ಪೇನು? ಮಗ ಬದುಕಿದಾನಲ್ಲ, ಅಟ್ಟದ ಮೇಲೇ ಅಡಗಿದಾನಲ್ಲ!"

ಇನ್‌ಸ್ಪೆಕ್ಟರ್ ತಲೆಯೆತ್ತಿದಳು.

"ಅದನ್ನ ಸಿನಿಮಾದಲ್ಲಿ ಯಾರಾದ್ರೂ ಬಾಯಿಬಿಟ್ಟು ಹೇಳ್ತಾರಾ?"

"ಎಲ್ಲಿ ಹೇಳ್ತಾರೆ? ಅದೇ ಅಲ್ವಾ ಮಜಾ! ಅಣ್ಣನಿಗೂ ಕೊನೇವರೆಗೂ ಗೊತ್ತಾಗಲ್ಲ. ನೋಡೋ ನಮಗೆ ಮಾತ್ರ ಗೊತ್ತು."

"ಅವನು ಬಂದಾಗ ಏನು ಸದ್ದು ಕೇಳುತ್ತೆ?"

ಕಾನ್‌ಸ್ಟೇಬಲ್ ಯೋಚಿಸಿದಳು. "ನಲ್ಲಿ ತೊಟ್ಟಿಕ್ಕುತ್ತೆ. ಅಷ್ಟೇ." ಆಮೇಲೆ ಅವಳ ಬಾಯಿ ಹಾಗೇ ತೆರೆದು ನಿಂತಿತು. "ಅಯ್ಯೋ ಮೇಡಂ."

"ಗಾಡಿ ತಿರುಗಿಸ್ರೀ."

ಅಪರಾಧಿ ಯಾರೆಂಬುದು ತಿಳಿದಿತ್ತು. ಅದನ್ನು ಸಾಬೀತು ಮಾಡಲು ಒಬ್ಬ ಮುದುಕನನ್ನು ಅವನ ಮನೆಯಲ್ಲೇ ಬೆತ್ತಲೆ ಮಾಡಬೇಕಿತ್ತು. ಇನ್‌ಸ್ಪೆಕ್ಟರ್ ಕಿಟಕಿಯ ಹೊರಗೆ ನೋಡುತ್ತ ಕೂತಳು.

ಕಟ್ಟಡದ ಕೆಳಗೆ ಮೇಷ್ಟ್ರ ಮನೆಯ ಕಾರಿನ ಬಳಿ ನಿಂತಳು. ಮುಂದಿನ ಒಂದು ದೀಪದ ಗಾಜು ಹಳದಿಗಟ್ಟಿತ್ತು. ಇನ್ನೊಂದು ಹೊಚ್ಚ ಹೊಸದು.

"ನಾನು ಮೇಲೆ ಹೋಗಿ ಕೀ ಕಳಿಸ್ತೀನಿ" ಎಂದಳು. "ಒಂದು ಮೂಲೆಯನ್ನೂ ಬಿಡಬೇಡಿ."

* * *

ಸೊಸೆ ಬಾಗಿಲು ತೆಗೆದಳು. ಕಾರಿನ ಕೀಯನ್ನು ಅವಳೇ ತಂದುಕೊಟ್ಟಳು.

"ನೀವು ನೋಡಿದೀರಾ ಆ ದೋಣಿ ಸಿನಿಮಾ?" ಎಂದು ಇನ್‌ಸ್ಪೆಕ್ಟರ್ ಸೊಸೆಯನ್ನು ಕೇಳಿದಳು.

"ಹ್ಞೂಂ, ಹೋದ ವಾರ ಇಬ್ರೂ ನೋಡಿದ್ವಿ. ಮಾವ ಮಲಗಿದ ಮೇಲೆ." ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಮೇಷ್ಟ್ರ ಕೈ ಸೋಫಾದ ಅಂಚನ್ನು ಸವರಿತು.

"ಮೇಷ್ಟ್ರೇ, ನಲ್ಲಿ ತೊಟ್ಟಿಕ್ಕುವಾಗ ಸಿನಿಮಾದಲ್ಲಿ ಏನಾಗುತ್ತೆ?"

"ಏನೂ ಆಗಲ್ಲ. ಆಗ್ಲೇ ಹೇಳಿದೆನಲ್ಲಮ್ಮಾ."

"ಆಗ ಮಗ ವಾಪಸ್ ಬರ್ತಾನೆ. ಅವನು ಸತ್ತಿಲ್ಲ. ತಾಯಿ ಬಾಗಿಲು ತೆಗೆದು ಒಳಗೆ ಕರ್ಕೊಂಡು ಊಟ ಬಡಿಸ್ತಾಳೆ. ಒಂದು ಮಾತೂ ಇಲ್ಲ. ಅದಕ್ಕೇ ಕೊನೇಲಿ ಗುನುಗ್ತಾಳೆ."



"ನಾನು ತೂಕಡಿಸಿರಬೇಕು" ಎಂದರು ಮೇಷ್ಟ್ರು. ಧ್ವನಿ ಸಣ್ಣದಾಗಿತ್ತು.

"ತೂಕಡಿಸಿದ್ರೆ ನಲ್ಲಿ ಸದ್ದು ಕೇಳ್ತಿರಲಿಲ್ಲ. ನೀವು ಎಚ್ಚರವಾಗೇ ಇದ್ರಿ. ಆ ದೃಶ್ಯ ನೋಡಿ ಅತ್ತುಬಿಟ್ಟೆ ಅಂತಾರೆ ನಿಮ್ಮ ಮಗ. ಒಂದೇ ಸೋಫಾದಲ್ಲಿ ಕೂತು ಬಟ್ಟೆ ಬಣ್ಣ ಕೂಡ ಹೇಳೋರು, ಸತ್ತವನು ಬಂದಿದ್ದನ್ನ ಹೇಳ್ಲಿಲ್ವಾ? ಅವರು ಅತ್ತಿದ್ದು ಹೋದ ವಾರ. ನಿನ್ನೆ ನಿಮ್ಮ ಪಕ್ಕದಲ್ಲಿ ಯಾರೂ ಇರಲಿಲ್ಲ."

"ಹಾಗಲ್ಲಮ್ಮಾ…"

"ಗೇಟಿನವನು ಲಾಕಪ್ಪಿನಲ್ಲಿದಾನೆ ಮೇಷ್ಟ್ರೇ. ಕೊಲೆ ಮಾಡಿದ ಅಂತ."

ಮೇಷ್ಟ್ರ ಮುಖ ಮಗನಿದ್ದ ಕಡೆಗೆ ತಿರುಗಿತು. "ಅವನು ಹೆಂಡ್ತಿ ಹತ್ರ ಆಸ್ಪತ್ರೆಗೆ ಹೋಗಿದಾನೆ ಅಂದ್ಯಲ್ಲೋ?"

ಮಗ ಕಿಟಕಿಯ ಕಡೆ ಸರಿದ.

"ಸಿನಿಮಾ ಹಾಕ್ಕೊಟ್ಟು ಹೋಗ್ತಾನೆ" ಎಂದರು ಮೇಷ್ಟ್ರು. "ಮೊದಲಿಂದ್ಲೂ. ಸದ್ದು ಕೇಳ್ಕೊಂಡು ನಾನೇ ಕಟ್ಕೋತೀನಿ. ಬೆಂಚಲ್ಲಿ ಹೇಳೋಕೆ ಬೇಕಲ್ಲ. ಬಣ್ಣ ಎಲ್ಲ ನಾನೇ ಹಾಕಿದ್ದು." "ನೀವು ಬಂದು ಕೇಳಿದಾಗ ನನಗೆ ಸೆಕ್ರೆಟರಿ ನೆನಪಾಗ್ಲಿಲ್ಲ ತಾಯಿ. ನನ್ನ ಮರ್ಯಾದೆ ನೆನಪಾಯ್ತು."

ಸೊಸೆ ಗೋಡೆಯ ಕಡೆ ತಿರುಗಿ ನಿಂತಳು.

ಕಾನ್‌ಸ್ಟೇಬಲ್ ಒಳಗೆ ಬಂದಳು. ಕೈಯಲ್ಲಿ ಟವೆಲಿನಲ್ಲಿ ಸುತ್ತಿದ ಕಪ್ಪು ಪೆಟ್ಟಿಗೆ. "ಸ್ಟೆಪ್ನಿ ಟೈರಿನ ಕೆಳಗಿತ್ತು ಮೇಡಂ."

ಆಗ ಮಗ ಬಂದು ಸೋಫಾದ ಇನ್ನೊಂದು ತುದಿಯಲ್ಲಿ ಕೂತ.

"ಸೆಕ್ರೆಟರಿ ಅಂಕಲ್ ರೆಕಾರ್ಡಿಂಗ್ ನೋಡಿಬಿಟ್ಟಿದ್ರು" ಎಂದ. "ಗೇಟಿನವನಿಗೆ ಕ್ಯಾಮೆರಾ ಕೆಟ್ಟಿದೆ ಅಂತ ಸುಳ್ಳು ಹೇಳಿ, ನನಗೆ ಭಾನುವಾರದವರೆಗೆ ಟೈಮ್ ಕೊಟ್ರು. ನೀನಾಗೇ ಹೋಗಿ ಒಪ್ಕೋ, ನಿಮ್ಮಪ್ಪನ ಮುಖ ನೋಡಿ ಸುಮ್ನಿದೀನಿ ಅಂದ್ರು. ನಾನು ಪೆಟ್ಟಿಗೆ ಕೀಳೋಕೆ ಹೋದೆ. ಅಡ್ಡ ಬಂದ್ರು. ತಳ್ಳಿದೆ."

"ಬಿದ್ದ ಮೇಲೆ ನೋಡಿದ್ರಾ, ಉಸಿರಿತ್ತಾ?"

"ನೋಡ್ಲಿಲ್ಲ. ಪೆಟ್ಟಿಗೆ ಕಾರಲ್ಲಿಟ್ಟು ಮೇಲೆ ಬಂದೆ. ಸಿನಿಮಾ ಇನ್ನೂ ಓಡ್ತಿತ್ತು."

"ಅಪ್ಪ ನಿಮ್ಮ ಪರ ಹೇಳ್ತಾರೆ ಅಂತ ಹೇಗೆ ಗೊತ್ತಿತ್ತು? ಮೊದಲೇ ಹೇಳಿಕೊಟ್ಟಿದ್ರಾ?"

"ಹೇಳಿಕೊಡೋದೇನು? ಬೆಂಚಲ್ಲಿ ಅವರು ಏನು ಹೇಳ್ಕೊಂಡಿರ್ತಾರೆ ಅಂತ ನನಗೆ ಗೊತ್ತಿತ್ತು."

ಮೇಷ್ಟ್ರು ಕೈ ಚಾಚಿದರು. ಅದು ಮಗನ ತೋಳಿಗೆ ತಾಕಿತು. ತಕ್ಷಣ ಹಿಂದಕ್ಕೆ ಎಳೆದುಕೊಂಡರು.

* * *

ಮಗನನ್ನು ಕರೆದೊಯ್ದ ಮೇಲೆ ಹೇಳಿಕೆ ಬರೆಸಿಕೊಳ್ಳುವ ಕೆಲಸ ಉಳಿಯಿತು. ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಬೆಂಚಿನೋರಿಗೆಲ್ಲ ಗೊತ್ತಾಗುತ್ತಾ?" ಎಂದು ಕೇಳಿದರು ಮೇಷ್ಟ್ರು. "ನನ್ನ ಪಕ್ಕ ಯಾರೂ ಕೂರ್ತಿರಲಿಲ್ಲ ಅನ್ನೋದು?"

ಕೇಳಿದ ಮೇಲೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. "ಛೆ. ಗೇಟಿನವನ್ನ ಬಿಟ್ರಾ ಅಂತ ಕೇಳಬೇಕಿತ್ತು. ಮೊದಲು ಇದನ್ನ ಕೇಳಿದೆನಲ್ಲ."

"ನಿಮ್ಮ ಹೇಳಿಕೆ ಆದ್ರೆ ಅವನನ್ನ ಬೇಗ ಬಿಡಬಹುದು" ಎಂದಳು ಇನ್‌ಸ್ಪೆಕ್ಟರ್.

"ಬರ್ಕೊಳ್ಳಿ." ಅವರು ಕೈ ಕೆಳಗಿಳಿಸಿ ನೆಟ್ಟಗೆ ಕೂತರು. "ನಿನ್ನೆ ನಾನೊಬ್ಬನೇ ಇದ್ದೆ."

ಕಾನ್‌ಸ್ಟೇಬಲ್ ಬರೆದುಕೊಂಡಳು.

"ಪ್ರತಿ ಭಾನುವಾರವೂ ಒಬ್ಬನೇ ಇರ್ತಿದ್ದೆ."

"ಅದು ಬೇಡ ಮೇಷ್ಟ್ರೇ. ನಿನ್ನೆಯದು ಸಾಕು."

"ಬರೀರಮ್ಮಾ" ಎಂದರು. "ಬರೆದ ಮೇಲೆ ಗಟ್ಟಿಯಾಗಿ ಓದಿ. ನಮ್ಮ ಸೊಸೆಗೂ ಕೇಳ್ಲಿ."