ನೀವು 'ಓವರ್' ಹೇಳುವವರೆಗೆ

"ಏಯ್! ನನ್ನ ಕಾರಿಗೆ ಕೈ ಹಾಕ್ಲಿಕ್ಕೆ ಯಾರು ಹೇಳಿದ್ದು ನಿಮಗೆ?"

ಭವಿತಾಳ ಬೊಬ್ಬೆಗೆ ಪುತ್ತೂರಿನ ದರ್ಬೆಯ ಆ ಓಣಿಯ ಅಂಗಡಿಯವರೆಲ್ಲ ತಲೆ ಹೊರಗೆ ಹಾಕಿದರು.

ರಿಮೋಟ್ ಎಷ್ಟು ಒತ್ತಿದರೂ ಕಾರಿನ ಬಾಗಿಲು ತೆರೆದಿರಲಿಲ್ಲ. ಸಿಟ್ಟಿನಲ್ಲಿ ಕೀಯನ್ನು ಬಾನೆಟ್ ಮೇಲೆ ಕುಕ್ಕಿ, ಆಚೆ ತಿರುಗಿ ಮೆಕ್ಯಾನಿಕ್‌ಗೆ ಫೋನ್ ಹಚ್ಚಿದ್ದಳು ಅಷ್ಟೇ. ಈಚೆ ತಿರುಗುವಾಗ ಯಾರೋ ಒಬ್ಬ, ಕುತ್ತಿಗೆಗೆ ಹೆಡ್‌ಫೋನ್ ನೇತುಹಾಕಿಕೊಂಡು, ಅದೇ ಕೀಯ ಹೊಟ್ಟೆಯಿಂದ ಸಪೂರದ ಇನ್ನೊಂದು ಕೀ ಎಳೆದು ಬಾಗಿಲು ತೆರೆಯುತ್ತಿದ್ದಾನೆ! ಅದರೊಳಗೆ ಇನ್ನೊಂದು ಕೀ ಇದೆಯೆಂದೇ ಅವಳಿಗೆ ಗೊತ್ತಿರಲಿಲ್ಲ. ಬಾಗಿಲು ತೆರೆದದ್ದೇ ತಡ, ಕಾರೂ ಅವಳ ಜೊತೆ ಸೇರಿ ಬೊಬ್ಬೆ ಹೊಡೆಯತೊಡಗಿತು.

ಅವನು ಕಾರನ್ನು ಸುಮ್ಮನಾಗಿಸಿದ. ಆಮೇಲೆ ಅವಳನ್ನೇ ನೋಡುತ್ತಾ ನಿಂತ. ಮಾತಿಲ್ಲ, ಕತೆಯಿಲ್ಲ.

"ಎಂತ, ಕೇಳುದಿಲ್ವಾ ನಿಮಗೆ?"

ಮತ್ತೂ ಸ್ವಲ್ಪ ಹೊತ್ತು ಮೌನ. ಆಮೇಲೆ ಮೆತ್ತಗೆ ಹೇಳಿದ. "ಕೇಳ್ತದೆ. ನೀವು ಮುಗಿಸಿದ್ರಾ ಅಂತ ಕಾಯ್ತಾ ಇದ್ದೆ."

'ಪಾಪ... ಕಿವಿ ಸ್ವಲ್ಪ ಮಂದ ಇರಬೇಕು' ಎಂದುಕೊಂಡಳು ಭವಿತಾ. ಅವಳ ತಪ್ಪೂ ಅಲ್ಲ ಬಿಡಿ. ಸುಳ್ಯದ ಈ ಹುಡುಗಿಯ ಕೆಲಸವೇ ಕಿವಿ ಪರೀಕ್ಷೆ. ಅದೇ ಓಣಿಯಲ್ಲಿ ಹೊಸದಾಗಿ ಶ್ರವಣ ತಪಾಸಣೆಯ ಕ್ಲಿನಿಕ್ ತೆರೆದಿದ್ದಳು. ತಡವಾಗಿ ಉತ್ತರ ಕೊಡುವವರನ್ನು ಕಂಡರೆ ಮನಸ್ಸು ಮೊದಲು ಅಲ್ಲಿಗೇ ಓಡುತ್ತಿತ್ತು.

"ನಿಮ್ಮ ಕೀ ಹಾಳಾಗ್ಲಿಲ್ಲ, ತಪ್ಪು ನನ್ನದು." ಅವನು ಎದುರಿನ ತನ್ನ ಮನೆಯ ತಾರಸಿಯ ಮೇಲಿದ್ದ ಆಂಟೆನಾ ತೋರಿಸಿದ. "ನಾನು ಹ್ಯಾಮ್ ರೇಡಿಯೋದಲ್ಲಿ, ನಮ್ಮ ಹವ್ಯಾಸಿಗಳ ವೈರ್‌ಲೆಸ್‌ನಲ್ಲಿ, ಮಾತಾಡ್ತಾ ಇದ್ದೆ. ಅದರ ಗದ್ದಲದಲ್ಲಿ ನಿಮ್ಮ ಕೀಯ ಸಣ್ಣ ಸ್ವರ ಕಾರಿಗೆ ಕೇಳ್ಲಿಲ್ಲ."

"ಮಾಸ್ಕಿಂಗ್!" ಸಿಟ್ಟು ಮರೆತು ಕೂಗಿದಳು ಭವಿತಾ. "ನಾವೂ ಒಂದು ಕಿವಿಗೆ ಗದ್ದಲ ಬಿಟ್ಟು ಇನ್ನೊಂದನ್ನು ಪರೀಕ್ಷೆ ಮಾಡುದು!"

ಅವನ ಮುಖ ಅರಳಿತು. "ನಗಬೇಡಿ ಆಯ್ತಾ... ಇಂಥ ಕೀಗಳ ಸರ್ಕ್ಯೂಟ್ ಮಾಡುದೇ ನನ್ನ ಉದ್ಯೋಗ."

ಅವಳು ನಕ್ಕೇಬಿಟ್ಟಳು!

ಅವನ ಹೆಸರು ಶ್ರೀಶ. ಪುಣೆಯ ಕಾರು ಕಂಪನಿಯಲ್ಲಿ ಎಲೆಕ್ಟ್ರಾನಿಕ್ಸ್ ಎಂಜಿನಿಯರ್ ಆಗಿದ್ದು, ಈಗ ಅದೇ ಕೆಲಸವನ್ನು ಮನೆಯಲ್ಲಿ ಕೂತು ಮಾಡುತ್ತಿದ್ದ. ರೇಡಿಯೋ ಹುಚ್ಚು ಮಾತ್ರ ಶಾಲೆಗೆ ಹೋಗುವಾಗಿನಿಂದ ಅಂಟಿದ್ದು. ಆಚೆಯವರು 'ಓವರ್' ಎಂದು ಮಾತು ಮುಗಿಸುವವರೆಗೆ ಈಚೆಯವರು ಬಾಯಿ ತೆರೆಯಬಾರದೆಂಬ ರೇಡಿಯೋ ನಿಯಮ ಅವನ ಮೈಗೇ ಹತ್ತಿತ್ತು. ಹೆಣ್ಣು ನೋಡಲು ಹೋದಲ್ಲೆಲ್ಲ ಅವನ ಅಪ್ಪ ಕೃಷ್ಣಮೋಹನ ಭಟ್ಟರು ಮೊದಲು ಆಂಟೆನಾದ ಬಗ್ಗೆ ಕ್ಷಮೆ ಕೇಳಿ, ಆಮೇಲೆ ಜಾತಕ ತೆಗೆಯುತ್ತಿದ್ದರಂತೆ. ಒಂದೂ ಕೂಡಿ ಬಂದಿರಲಿಲ್ಲ.

ಆ ದಿನದ ನಂತರ ಭವಿತಾಳ ಕಾರು ಒಮ್ಮೆಯೂ ಮುಷ್ಕರ ಹೂಡಲಿಲ್ಲ. ಅದೇಕೆಂದು ಅವಳೂ ಯೋಚಿಸಲಿಲ್ಲ.

ಸ್ನೇಹ ಮಾತ್ರ ಬೆಳೆಯಿತು. ಕಡಬದಲ್ಲಿ ಅವಳ ತಪಾಸಣಾ ಶಿಬಿರವಿದ್ದಾಗ ಯಂತ್ರಗಳ ವೈರ್ ಜೋಡಿಸಲು ಅವನೂ ಹೊರಟ. ವಾಪಸ್ ಬರುವಾಗ ನೆಟ್ಟಣದ ರೈಲು ನಿಲ್ದಾಣದ ಹತ್ತಿರ ಚಹಾಕ್ಕೆ ನಿಂತರು. ಅಷ್ಟರಲ್ಲಿ ಗೂಡ್ಸ್ ರೈಲೊಂದು ಧಡಧಡನೆ ಬಂತು. ಈ ಗದ್ದಲದಲ್ಲಿ ಯಾರಿಗೂ ಕೇಳಲಾರದೆಂಬ ಧೈರ್ಯದಲ್ಲಿ ಭವಿತಾ ಮೆಲ್ಲಗೆ ಹೇಳಿಯೇಬಿಟ್ಟಳು.

"ನನಗೆ ನೀವಂದ್ರೆ ಇಷ್ಟ..."

ರೈಲು ಹೋಯಿತು. ಶ್ರೀಶ ಅವಳನ್ನೇ ನೋಡುತ್ತಾ ಕಾದ. ಅವಳು ತುಟಿ ಬಿಚ್ಚಲಿಲ್ಲ. ಅವನೂ ಏನೂ ಹೇಳಲಿಲ್ಲ.

'ಅಬ್ಬ, ಕೇಳಲಿಲ್ಲ!' ಎಂದು ಒಮ್ಮೆ. 'ಛೆ, ಕೇಳಬಾರದಿತ್ತಾ?' ಎಂದು ಇನ್ನೊಮ್ಮೆ. ಪುತ್ತೂರು ಮುಟ್ಟುವವರೆಗೂ ಅವಳ ತಲೆಯೊಳಗೆ ಇದೇ ಜಗ್ಗಾಟ.

ಹತ್ತು ದಿನ ಕಳೆಯುವಷ್ಟರಲ್ಲಿ ಸುಳ್ಯದಿಂದ ಅವ್ವ ಸೇವಂತಿಯ ಫೋನ್ ಬಂತು. "ಬರುವ ಆದಿತ್ಯವಾರ ಗುತ್ತಿಗಾರಿನವರು ನಿನ್ನನ್ನು ನೋಡ್ಲಿಕ್ಕೆ ಬರ್ತಾರಂತೆ. ಮನಸ್ಸಿನಲ್ಲಿ ಬೇರೆ ಯಾರಾದ್ರೂ ಇದ್ರೆ ಈಗಲೇ ಹೇಳು ಮಗಾ. ಬಂದ ಮೇಲೆ ಬೇಡ ಅಂತ ಹೇಳುದು ಚಂದ ಅಲ್ಲ."

"ನಂಗೆ ಗೊತ್ತಿಲ್ಲೆ ಅವ್ವಾ... ನಾಳೆ ಹೇಳ್ತೇನೆ."

ಮೊದಲು ಅವನಿಗೆ ಹೇಳಬೇಕು. ಈ ಸಲ ರೈಲಿಲ್ಲದ ಕಡೆ! ಮರುದಿನ ಎದೆ ಗಟ್ಟಿಮಾಡಿಕೊಂಡು ಅವನ ತಾರಸಿಯ ಮೆಟ್ಟಿಲು ಹತ್ತಿದಳು. ಅಲ್ಲಿನ ರೇಡಿಯೋ ಕೋಣೆಯಿಂದ ಅವನ ದನಿ ಕೇಳಿಸಿತು. ಎಂದೂ ಇಲ್ಲದಷ್ಟು ಮೃದುವಾದ ದನಿ.

"...ನನ್ನ ಎಕ್ಸ್‌ವೈಎಲ್‌ಗೆ ಕಷ್ಟ ಆಗ್ತದೆ. ಅವಳು ಬರುವ ಮೊದಲು ಮುಗಿಸುವ. ಓವರ್."

ಅವಳು? ಯಾರು ಅವಳು?

"ಎಂತ ಅದು ಎಕ್ಸ್‌ವೈಎಲ್ ಅಂದ್ರೆ?" ಬಾಗಿಲಲ್ಲೇ ನಿಂತು ಕೇಳಿದಳು.

ಶ್ರೀಶನ ಮುಖ ಕೆಂಪಾಯಿತು. "ಅದು... ನಮ್ಮ ರೇಡಿಯೋ ಭಾಷೆ. ಮತ್ತೆ ಹೇಳ್ತೇನೆ."

 ಭವಿತಾ ಬಂದ ಕಾರಣ ಮರೆಮಾಚಿ, ಏನೋ ನೆಪ ಹೇಳಿ ಇಳಿದು ಬಂದಳು.

ಅಂದೇ ಮಧ್ಯಾಹ್ನ ಕುಂಬ್ರದ ಫಯಾಝ್ ತನ್ನ ತಂದೆ ಆದಂ ಕುಂಞಿಯವರಿಗೆ ಶ್ರವಣಯಂತ್ರ ಹಾಕಿಸಲು ಕ್ಲಿನಿಕ್ಕಿಗೆ ಬಂದ. ಇವನೂ ಹ್ಯಾಮ್, ಶ್ರೀಶನ ರೇಡಿಯೋ ಗೆಳೆಯ. ಭವಿತಾ ಏನೂ ಆಗದವಳಂತೆ ಕೇಳಿದಳು.

"ಎಕ್ಸ್‌ವೈಎಲ್ ಅಂದ್ರೆ ಎಂತ ಫಯಾಝ್?"

"ಹೆಂಡತಿ ಮೇಡಂ! ಹ್ಯಾಮ್‌ಗಳು ಹುಡುಗಿಯರಿಗೆ ವೈಎಲ್, ಯಂಗ್ ಲೇಡಿ, ಅಂತ ಹೇಳುದು. ಮದುವೆ ಆದ ಮೇಲೆ ಎಕ್ಸ್‌ವೈಎಲ್. ಶ್ರೀಶಣ್ಣನೂ ಈಗ ಯಾವಾಗ್ಲೂ ಎಕ್ಸ್‌ವೈಎಲ್, ಎಕ್ಸ್‌ವೈಎಲ್ ಅಂತಾರೆ ಮಾರಾಯ್ರೆ! ಯಾವಾಗ ಮದುವೆ ಆದ್ರು ಅಂತ ನಮಗೇ ಗೊತ್ತಿಲ್ಲ. ಪುಣೆಯಲ್ಲಿ ಆದದ್ದೋ ಏನೋ..."

ಹೆಂಡತಿ!

ಭವಿತಾಳ ಕೈಯಲ್ಲಿದ್ದ ಪುಟ್ಟ ಬ್ಯಾಟರಿ ಜಾರಿ ಮೇಜಿನ ಕೆಳಗೆ ಉರುಳಿತು.

'ಹಾಗಾದರೆ ಜೊತೆಯಲ್ಲಿ ಚಹಾ ಕುಡಿದದ್ದು? ಹಾಗೆ ನೋಡಿದ್ದು? ಅಪ್ಪ ಹೆಣ್ಣು ಹುಡುಕಿದ ಕತೆಯೂ ಸುಳ್ಳಾ? ಸುಳ್ಳು ಹೇಳುವ ಮುಖವೇ ಅಲ್ಲ ಅದು... ಅಥವಾ ನನಗೇ ಮುಖ ಓದಲು ಬರುವುದಿಲ್ಲವಾ?'  ಅಳಬೇಕೋ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ. ಕೊನೆಗೆ ಅವ್ವನಿಗೆ ಫೋನ್ ಮಾಡಿ, "ಬರ್ಲಿ" ಎಂದಷ್ಟೇ ಹೇಳಿ ಇಟ್ಟುಬಿಟ್ಟಳು.

ಆಮೇಲೆ ಶ್ರೀಶನ ಮೆಸೇಜ್‌ಗಳಿಗೆ ಉತ್ತರ ಕೊಡಲಿಲ್ಲ. ಓಣಿಯಲ್ಲಿ ಎದುರಾದರೆ ಫೋನ್ ಕಿವಿಗಿಟ್ಟು ದಾಟಿಬಿಡುತ್ತಿದ್ದಳು. ಅವನು ಗೇಟಿನ ಬಳಿ ನಿಂತು, ಅವಳ ಮಾತು ಮುಗಿಯಲೆಂದು ಕಾಯುತ್ತಿದ್ದ. ಅದನ್ನು ನೋಡುವಾಗ ಅವಳಿಗೆ ಇನ್ನಷ್ಟು ಗೊಂದಲ.

ಶನಿವಾರ ಆದಂ ಕುಂಞಿ ಯಂತ್ರ ಸರಿಮಾಡಿಸಲು ಮಗನೊಂದಿಗೆ ಮತ್ತೆ ಬಂದರು.

"ಈಗ ಎಲ್ಲ ಕೇಳ್ತದೆ ಮಗಳೇ. ಇವನ ರೇಡಿಯೋ ಬೆಳಿಗ್ಗೆ ಬೇಗ ಬಾಯಿ ಮುಚ್ತದೆ, ಪುಣ್ಯ!"

"ಅದು ಶ್ರೀಶಣ್ಣನ ಕಾನೂನು," ಫಯಾಝ್ ಗೊಣಗಿದ. "ಮೊದಲು ಆರಾಮಾಗಿ ಮಾತಾಡ್ತಿದ್ದೆವು. ಈಗ ಅವರ ಎಕ್ಸ್‌ವೈಎಲ್ ಬರುವ, ಹೋಗುವ ಹೊತ್ತಾದ್ರೆ ಮೈಕ್ ಬಂದ್! ಶ್ರೀಶಣ್ಣ ಮಾತಾಡಿದ್ರೆ ಆ ಎಕ್ಸ್‌ವೈಎಲ್‌ನ ಕಾರಿನ ಬಾಗಿಲು ತೆರೆಯುದಿಲ್ಲ ಅಂತೆ!"

ಭವಿತಾ ಹಾಗೇ ನಿಂತುಬಿಟ್ಟಳು.

ಕಾರಿನ ಬಾಗಿಲು...

ಕಿಟಕಿಯಾಚೆ ಅವಳ ಕಾರು ತನಗೇನೂ ಗೊತ್ತಿಲ್ಲವೆಂಬಂತೆ ನಿಂತಿತ್ತು.

"ಒಂದು ನಿಮಿಷ ಕೂತ್ಕೊಳ್ಳಿ!" ಎಂದವಳು ಬಿಳಿ ಕೋಟಿನಲ್ಲೇ ಓಣಿ ದಾಟಿ ಶ್ರೀಶನ ತಾರಸಿಗೆ ಓಡಿದಳು.

"ಯಾರು ನಿಮ್ಮ ಎಕ್ಸ್‌ವೈಎಲ್?" ಏದುಸಿರು ಬಿಡುತ್ತಾ ಕೇಳಿದಳು.

ಶ್ರೀಶ ಹೆಡ್‌ಫೋನ್ ತೆಗೆದಿಟ್ಟ. ಎಂದಿನಂತೆ ಕಾದ.

"ನಿಮಗೆ ಮದುವೆಯಾಗಿದೆ ಅಂತ ತಿಳಿದು ನಾನು ನಿದ್ದೆ ಬಿಟ್ಟಿದ್ದೇನೆ! ನಾಳೆ ನನ್ನನ್ನು ನೋಡ್ಲಿಕ್ಕೆ ಬರುವವರಿಗೆ ಬನ್ನಿ ಅಂತ ಹೇಳಿ ಆಗಿದೆ! ನೆಟ್ಟಣದಲ್ಲಿ ನಾನು ಹೇಳಿದ್ದು ನಿಮಗೆ ಕೇಳ್ಲೂ ಇಲ್ಲ... ನನಗೆ ಎಂತದೂ ಅರ್ಥ ಆಗ್ತಾ ಇಲ್ಲ..."

ಅವಳ ಕಣ್ಣು ತುಂಬಿ ಬಂತು. ಅವನು ಇನ್ನೂ ಕಾಯುತ್ತಿದ್ದ.

"ಓವರ್!" ಕಿರುಚಿದಳು ಭವಿತಾ. "ಓವರ್, ಓವರ್! ಈಗಾದ್ರೂ ಮಾತಾಡಿ!"

"ನನ್ನ ರೇಡಿಯೋದಿಂದ ಕಾರು ತೆರೆಯದೆ ನನಗೆ ಬೈದವರು ಒಬ್ಬರೇ," ಎಂದ ಶ್ರೀಶ.  "ನೆಟ್ಟಣದಲ್ಲಿ ಕೇಳಿತ್ತು. ಗದ್ದಲದಿಂದ ಸಣ್ಣ ಸ್ವರ ಹೆಕ್ಕುದನ್ನೇ ಅಲ್ವಾ ನಾನು ಚಿಕ್ಕಂದಿನಿಂದ ಮಾಡಿದ್ದು? ಆ ದಿನದಿಂದ ಗೆಳೆಯರ ಹತ್ತಿರ ವೈಎಲ್ ಅಂತ ಹೇಳ್ಲಿಕ್ಕೆ ಹೋದ್ರೆ ಬಾಯಿಗೆ ಎಕ್ಸ್‌ವೈಎಲ್ ಅಂತಲೇ ಬರುದು. ನಿಮ್ಮನ್ನು ಕೇಳದೆ ಹಾಗೆ ಹೇಳಿದ್ದು ತಪ್ಪು."

"ಕೇಳಿತ್ತಾ?! ಮತ್ತೆ ಯಾಕೆ ಸುಮ್ಮನಿದ್ರಿ?"

"ನೀವು ಇನ್ನೂ ಎಂತದೋ ಹೇಳ್ಲಿಕ್ಕುಂಟು ಅಂತ ಕಾಣ್ತಿತ್ತು. ಕಾದೆ."

ಇಂಥವನಿಗೆ ಏನು ಹೇಳುವುದು! ಭವಿತಾ ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡು, ಅವನ ಎದುರಿನಲ್ಲೇ ಫೋನ್ ತೆಗೆದಳು.

"ಅವ್ವಾ, ಗುತ್ತಿಗಾರಿನವರಿಗೆ ಬರುದು ಬೇಡ ಅಂತ ಹೇಳಿಬಿಡು. ಹ್ಞಾಂ... ಇದ್ದಾರೆ ಒಬ್ಬರು. ಭಟ್ಟರ ಮಗ. ನಾಳೆ ನಾನೇ ಕರ್ಕೊಂಡು ಬರ್ತೇನೆ, ಆಮೇಲೆ ಎಷ್ಟು ಬೇಕಾದ್ರೂ ಬೈಯಿ."

 ಅತ್ತಲಿಂದ ಅವ್ವ, "ಮೀನು ಮಾಡುದು ಬೇಡ ಹಾಗಾದ್ರೆ," ಎಂದರು. ಭವಿತಾಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

ಫೋನ್ ಇಟ್ಟು ಶ್ರೀಶನ ಕಡೆ ತಿರುಗಿದಳು. "ಇನ್ನು ಮೇಲೆ ನನ್ನನ್ನು ಕೇಳದೆ ಹೆಂಡತಿ ಅಂತ ಊರಿಡೀ ಹೇಳಬೇಡ."

ಅವಳ ಏಕವಚನಕ್ಕೆ ಅವನ ಕಣ್ಣು ಮಿನುಗಿತು. "ಈಗ ಕೇಳ್ತಾ ಇದ್ದೇನೆ. ಆಗ್ತೀಯಾ? ಓವರ್."

"ಆಗ್ತೇನೆ."

ಶ್ರೀಶ ಅಲ್ಲಾಡಲಿಲ್ಲ. ಕಾಯುತ್ತಲೇ ಇದ್ದ.

ಭವಿತಾ ಅವನ ಎದೆಗೆ ಹಣೆ ಆನಿಸಿದಳು.

"ಓವರ್, ಮಾರಾಯ..."